ತೆಂಗಿನಕಾಯಿ, ತಿಳಿನೀರು, ಜೋಗದ ಧಾರೆ: ಮಕ್ಕಳಿಗೆ ಲೆಕ್ಕ ಬಿಡಿಸುವ ಬಗೆ

ಹೈಸ್ಕೂಲಿನ ಮೆಟ್ಟಲೇರಿದ ಮಕ್ಕಳು ಮನೆಯಲ್ಲಿದ್ದರೆ ಈ ಗೋಳನ್ನು ನೀವು ಕೇಳಿಯೇ ಇರುವಿರಿ: “ಭೌತಶಾಸ್ತ್ರದ ಸೂತ್ರವೆಲ್ಲ ಬಾಯಿಗೆ ಬರುತ್ತದೆ; ಲೆಕ್ಕ ಮಾತ್ರ ಬರುವದಿಲ್ಲ.” ಇದು ಬುದ್ಧಿಯ ಕೊರತೆಯಲ್ಲ, ಸಂಗತಿಯನ್ನು ನೋಡುವ ಮೊದಲೇ ಸೂತ್ರಕ್ಕೆ ಕೈಹಾಕಿದುದರ ಫಲ. ಏನು ಬೇಯಬೇಕೆಂಬದನ್ನರಿಯದೆ ಒಲೆ ಹೊತ್ತಿಸುವವರುಂಟೇ? ಮೊದಲು ಚಿತ್ರ ಬರೆಯಲಿ; ಕೊಟ್ಟ ಅಳತೆಗಳನ್ನೂ ಕೇಳಿದುದನ್ನೂ ಬೇರೆಬೇರೆಯಾಗಿ ಗುರುತಿಸಲಿ; ಆಮೇಲೆ ನಿಯಮವನ್ನಾರಿಸಲಿ. ಬಂದ ಉತ್ತರವು ಲೋಕಕ್ಕೆ ಒಪ್ಪುವದೋ ಎಂದು ಕಡೆಗೊಮ್ಮೆ ಪರೀಕ್ಷಿಸಲಿ.

ಉದಾಹರಣೆಗಳನ್ನು ದೂರ ಹುಡುಕಬೇಕಾಗಿಲ್ಲ. ಹೊನ್ನಾವರದ ಬಳಿಯ ಕರ್ಕಿಯಲ್ಲಿ ತೆಂಗಿನ ಮರಗಳೂ ಉಂಟು, ಹೊಳೆಯೂ ಉಂಟು. 20 ಮೀಟರ್ ಎತ್ತರದ ಮರದಿಂದ ಒಂದೂವರೆ ಕಿಲೋಗ್ರಾಮಿನ ಕಾಯಿ ಕಳಚಿ ಬಿದ್ದಿತೆನ್ನಿ. ಭೂಮಿಯ ಗುರುತ್ವದಿಂದಾಗುವ ವೇಗವೃದ್ಧಿಯನ್ನು ಸುಲಭಕ್ಕಾಗಿ 10 ಎಂದು ಹಿಡಿಯೋಣ. ಎತ್ತರದಲ್ಲಿ ಅಡಗಿದ್ದ ಶಕ್ತಿಯು ಒಂದೂವರೆ, 10, 20 ಇವುಗಳ ಗುಣಲಬ್ಧ, ಅಂದರೆ 300 ಜೂಲ್. ಬೀಳುವಾಗ ಅದೇ ಶಕ್ತಿಯು ಚಲನೆಯ ರೂಪವನ್ನು ತಾಳುವದು. ಹಾಗೆ ಬಂದ ವೇಗವು ಸೆಕೆಂಡಿಗೆ 20 ಮೀಟರ್. ಗಂಟೆಗೆ 72 ಕಿಲೋಮೀಟರ್! ಗಾಳಿಯ ತಡೆಯಿಂದ ತುಸು ಕಡಿಮೆಯಾದೀತು, ಅಷ್ಟೆ. ಕೆಳಗೆ ನಿಂತವರಿಗೆ ಓಡಿ ಪಾರಾಗಲು ದೊರೆಯುವ ಕಾಲವೋ, ಬರಿಯ ಎರಡು ಸೆಕೆಂಡು. ಹೆದ್ದಾರಿಯ ಮೋಟಾರಿನ ವೇಗದಲ್ಲಿ ಬರುವ ಕಾಯಿಯ ಕೆಳಗೆ ತೊಟ್ಟಿಲು ಕಟ್ಟಬಾರದೆಂಬದನ್ನು ಇನ್ನು ಬೇರೆ ಹೇಳಬೇಕೇ?

ಬೆಳಕಿನ ಲೆಕ್ಕವು ಇದಕ್ಕಿಂತಲೂ ಗಂಭೀರವಾದುದು. ನೀರಿನೊಳಗಿಂದ ಹೊರಬರುವ ಕಿರಣವು ಮೇಲ್ಮೈಯಲ್ಲಿ ಬಾಗುವದು. ಕಣ್ಣು ಆ ಬಾಗನ್ನರಿಯದೆ ಕಿರಣವು ನೇರವಾಗಿಯೇ ಬಂದಿತೆಂದು ಭಾವಿಸುವದು. ಆದುದರಿಂದ ತಳವು ಮೇಲಕ್ಕೆ ಬಂದಂತೆ ತೋರುವದು. ನೀರಿನ ವಕ್ರೀಭವನಾಂಕವು ಸುಮಾರು ಮೂರರಲ್ಲಿ ನಾಲ್ಕು, ಅಂದರೆ 1.33. ನೇರವಾಗಿ ಮೇಲಿನಿಂದ ನೋಡಿದರೆ 160 ಸೆಂಟಿಮೀಟರ್ ಆಳದ ತಿಳಿನೀರು 120 ಸೆಂಟಿಮೀಟರಿನಷ್ಟೇ ಕಾಣುವದು. 140 ಸೆಂಟಿಮೀಟರ್ ಎತ್ತರದ ಹುಡುಗನು “ಕೊರಳುದ್ದ ನೀರು” ಎಂದು ಇಳಿದರೆ ನೀರು ಅವನ ತಲೆಯ ಮೇಲೆ ಒಂದು ಗೇಣು ನಿಲ್ಲುವದು. ದಡದಲ್ಲಿ ನಿಂತು ಓರೆಯಾಗಿ ನೋಡುವವನಿಗಂತೂ ಆಳವು ಮತ್ತಷ್ಟು ಕಡಿಮೆಯಾಗಿಯೇ ತೋರುವದು. ಕಣ್ಣನ್ನು ನಂಬದೆ ಕೋಲಿನಿಂದ ಅಳೆಯಬೇಕೆಂಬ ಹಿರಿಯರ ಮಾತಿಗೆ ಶಾಸ್ತ್ರದ ಆಧಾರವಿದು.

ಇನ್ನು ಹೊನ್ನಾವರದಲ್ಲಿ ಕಡಲನ್ನು ಕೂಡುವ ಶರಾವತಿಯನ್ನು ನೋಡಿರಿ. ಜೋಗದಲ್ಲಿ ಅದು 253 ಮೀಟರ್ ಧುಮುಕುವದು. ಇಲ್ಲಿ ಗುರುತ್ವಕ್ಕೆ 9.8 ಹಿಡಿದರೆ ಒಂದು ಕಿಲೋಗ್ರಾಮ್ ನೀರು ಬಿಟ್ಟುಕೊಡುವ ಶಕ್ತಿ ಸುಮಾರು 2,480 ಜೂಲ್. ನಷ್ಟವಿಲ್ಲದೆ ಅದನ್ನು ವಿದ್ಯುತ್ತಾಗಿಸಿದರೆ 9 ವಾಟಿನ ದೀಪವು ನಾಲ್ಕೂವರೆ ನಿಮಿಷಕ್ಕೂ ತುಸು ಹೆಚ್ಚು ಉರಿದೀತು. ಯಂತ್ರವೇ ಇಲ್ಲದೆ ಆ ಶಕ್ತಿಯೆಲ್ಲ ನೀರಿನಲ್ಲಿಯೇ ಶಾಖವಾಗಿ ಉಳಿದರೆ ನೀರು ಬಿಸಿಯಾಗುವದು ಒಂದು ಡಿಗ್ರಿಯ ಹತ್ತರಲ್ಲಿ ಆರು ಪಾಲು ಮಾತ್ರ! ಧಾರೆಯ ಅಬ್ಬರವನ್ನು ಕಂಡವರಿಗೆ ಇದು ಸೋಜಿಗವೆನಿಸೀತು. 1948ರಲ್ಲಿ ಜೋಗದ ವಿದ್ಯುದಾಗಾರವು ಕೆಲಸಮಾಡತೊಡಗಿದುದು ಈ ಲೆಕ್ಕದ ಬಲದಿಂದಲೇ. ಒಂದು ಕಿಲೋಗ್ರಾಮಿನಿಂದ ಆಗುವದು ಅಲ್ಪವಾದರೂ ಹೊಳೆಯು ನಿಲ್ಲದೆ ಹರಿಯುವದಲ್ಲವೇ?

ಮಕ್ಕಳು ತಪ್ಪಿದಾಗ ಉತ್ತರವನ್ನು ಹೇಳಿಬಿಡಬೇಡಿರಿ. “ಚಿತ್ರವೆಲ್ಲಿ? ಅಳತೆ ಮೀಟರಿನಲ್ಲಿದೆಯೋ ಅಡಿಯಲ್ಲಿದೆಯೋ?” ಎಂದಿಷ್ಟು ಕೇಳಿದರೆ ಸಾಕು, ಇದಕ್ಕೆ ತಾಯಿತಂದೆಗಳು ಶಾಸ್ತ್ರ ಓದಿರಬೇಕೆಂದಿಲ್ಲ.

ಈ ತಿಂಗಳ ಪ್ರಶ್ನೆ: ತೆಂಗಿನ ಮರವು 20ರ ಬದಲು 5 ಮೀಟರ್ ಎತ್ತರವಿದ್ದರೆ ಕಾಯಿಯ ವೇಗವೂ ಕಾಲುಪಾಲಾಗುವದೋ? ಅವಸರದಿಂದ “ಹೌದು” ಎನ್ನುವ ಮೊದಲು ಮಕ್ಕಳು ಚಿತ್ರ ಬರೆದು ನೋಡಲಿ.