ತಗಡಿನ ಕೊಳಲಿನ ಪ್ರಾಯ

ಮಿತ್ರರೊಬ್ಬರು ಅಂತರ್ಜಾಲದ ಮೂಲಕ ಇಂಗ್ಲೆಂಡಿನಿಂದ ತಗಡಿನ ಕೊಳಲೊಂದನ್ನು ತರಿಸಿಕೊಂಡರು. "ಕ್ಲಾರ್ಕನ ಕೈಕೆಲಸ, ವಿಕ್ಟೋರಿಯಾ ರಾಣಿಯ ಕಾಲದ್ದು" ಎಂಬುದು ಮಾರಿದಾತನ ವಿವರಣೆ. ಬೆಲೆಯೂ ರಾಣಿವಾಸಕ್ಕೆ ಒಪ್ಪುವಂತಹುದೇ! ನಿಜವೋ ಸುಳ್ಳೋ ನೋಡಿ ಹೇಳಿರೆಂದು ಅದನ್ನು ನನ್ನ ಮುಂದಿಟ್ಟರು.

ಸಫೋಕ್ ಪ್ರಾಂತದ ಕೋನಿ ವೆಸ್ಟನ್ ಎಂಬ ಹಳ್ಳಿಯ ರಾಬರ್ಟ್ ಕ್ಲಾರ್ಕನು 1843ರಲ್ಲಿ ಈ ಕೊಳಲುಗಳನ್ನು ಮಾಡತೊಡಗಿ, ಮುಂದೆ ಮ್ಯಾಂಚೆಸ್ಟರಿನಲ್ಲಿ ಹೆಸರಾದನು. ತವರ ಲೇಪಿಸಿದ ಕಬ್ಬಿಣದ ತಗಡನ್ನು ಸುತ್ತಿ ಮಾಡಿದ, ತುದಿಗೆ ಹೋದಂತೆ ಕಿರಿದಾಗುವ ನಳಿಗೆ, ಬೆನ್ನಿನುದ್ದಕ್ಕೂ ಕೂಡಿಸಿದ ಗೆರೆ, ಆರು ರಂಧ್ರಗಳು, ಊದುವ ಬಾಯಿಯೊಳಗೆ ಮರದ ಬೆಣೆ. ಇದು ಅವನ ಕೊಳಲಿನ ಚಹರೆ. ಆದರೆ ಆ ಮಾದರಿಯು ಇಂದಿಗೂ ತಯಾರಾಗುತ್ತಿರುವುದರಿಂದ ಬರಿಯ ಆಕಾರವನ್ನು ಕಂಡು ಪ್ರಾಯ ಹೇಳುವುದು ದುಡುಕು.

ಮಿತ್ರರ ಕೊಳಲಿಗೆ ಅಯಸ್ಕಾಂತವು ಅಂಟಿತು; ತಗಡೇನೋ ಸರಿ. ಬೆಣೆ ಮಾತ್ರ ಬೂದುಬಣ್ಣದ್ದು. ಚಾಕುವಿನ ಮೊನೆಯಿಂದ ಮೆಲ್ಲನೆ ಗೀರಿದೆ, ಹೊಳೆಯಿತು. ಸೀಸ! ಕ್ಲಾರ್ಕನದೆನ್ನಲು ಆಧಾರ ಉಳಿಯಲಿಲ್ಲ. ಹಳೆಯದೆಂಬುದು ನಿಜವಿರಬಹುದು, ಹಿಂದಿನ ಅಗ್ಗದ ಕೊಳಲುಗಳಲ್ಲಿ ಸೀಸದ ಬೆಣೆ ಸಾಮಾನ್ಯವಾಗಿತ್ತು. ಆದರೆ 'ಪೆನ್ನಿ ಕೊಳಲು' ಎಂದೇ ಹೆಸರಾಗಿ ರಾಶಿರಾಶಿಯಾಗಿ ಮಾರಾಟವಾದ ವಸ್ತುವಿಗೆ ಹಳತೆಂಬ ಒಂದೇ ಕಾರಣದಿಂದ ಚಿನ್ನದ ಬೆಲೆ ಬಂದೀತೇ?

"ಕೊಟ್ಟುದರಲ್ಲಿ ಅರ್ಧವೂ ಹೆಚ್ಚು" ಎಂದೆ. ಮಿತ್ರರ ಚಿಂತೆ ಬೇರೆಯಾಗಿತ್ತು.

"ಮೊಮ್ಮಗ ಮೂರು ದಿನಗಳಿಂದ ಅದನ್ನೇ ಊದುತ್ತಿದ್ದಾನಲ್ಲ!"

ಸೀಸವು ಮಕ್ಕಳಿಗೆ ವಿಷ. ಕೊಳಲನ್ನು ಗಾಜಿನ ಬೀರುವಿಗೆ ಸೇರಿಸಿ, ಹುಡುಗನನ್ನು ವೈದ್ಯರಲ್ಲಿಗೆ ಕರೆದೊಯ್ದು ರಕ್ತಪರೀಕ್ಷೆ ಮಾಡಿಸಿರೆಂದು ಅವರನ್ನು ಕೂಡಲೇ ಕಳುಹಿಸಿದೆ.