ಪ್ರಿಂಟರ್ ಮಲಗಲಿ, ಸ್ವಿಚ್ ಆರಿಸಬೇಡಿ

ಕಳೆದ ಸಭೆಯಲ್ಲಿ ಚಹಾ ಕುಡಿಯುವಾಗ ಒಬ್ಬ ಕಿರಿಯ ಸದಸ್ಯರು ಕೇಳಿದರು, “ಅಣ್ಣಾ, ಆಫೀಸಿನ ಪ್ರಿಂಟರನ್ನು ಮನೆಯಲ್ಲಿ ಕೂತೇ ಆನ್ ಮಾಡುವ ಉಪಾಯ ಏನಾದರೂ ಉಂಟಾ?” ಇದೇ ವಿಷಯದಲ್ಲಿ ನಾನು ಒಮ್ಮೆ 150 ಎಲೆಯ ಪೆಟ್ಟು ತಿಂದವನು. ಆದ್ದರಿಂದ ನಾಲ್ಕು ಮಾತು ಬರೆಯುತ್ತಿದ್ದೇನೆ.

ಅದೊಂದು ಮದುವೆ ಊಟ. 400 ಎಲೆ ಹೇಳಿದ್ದ ಹೆಣ್ಣಿನ ಕಡೆಯವರು ಹಿಂದಿನ ರಾತ್ರಿ 11ಕ್ಕೆ ಫೋನ್ ಮಾಡಿ 550 ಎಂದರು. ನಾನು ಡೊಂಬಿವಲಿಯ ಮನೆಯಿಂದ ಮೊಬೈಲಿನಲ್ಲೇ ಮಾಟುಂಗದ ಆಫೀಸಿನ ಕಂಪ್ಯೂಟರಿಗೆ ಹೊಕ್ಕು, ಹೊಸ ಪಟ್ಟಿಯನ್ನು ಪ್ರಿಂಟಿಗೆ ಕೊಟ್ಟು ಮಲಗಿದೆ. ಕಂಪ್ಯೂಟರ್ ಬೇರೆ ಬೋರ್ಡಿನಲ್ಲಿತ್ತು, ಚಾಲೂ ಇತ್ತು. ಪ್ರಿಂಟರಿನ ಗೋಡೆ ಸ್ವಿಚ್ಚನ್ನು ಹುಡುಗ ಬಾಗಿಲು ಹಾಕುವಾಗ ಆರಿಸಿದ್ದ. ಬೆಳಗಿನ 4ಕ್ಕೆ ಬಂದ ಭಟ್ಟರು ಹಳೆಯ ಪಟ್ಟಿ ನೋಡಿ 400 ಎಲೆಗೆ ಬೇಳೆ, ಅಕ್ಕಿ ಅಳೆದರು. 10 ಗಂಟೆಗೆ ಮ್ಯಾನೇಜರು ಬಂದು ಸ್ವಿಚ್ ಒತ್ತಿದ್ದೇ ತಡ, ಹೊಸ ಪಟ್ಟಿಯ ಮೂರು ಪ್ರತಿ ಹೊರಬಂದವು. ಗಾಬರಿಯಲ್ಲಿ ನಾನು ಮೂರು ಸಲ ಒತ್ತಿದ್ದೆ! ಕೊನೆಯ ಪಂಕ್ತಿಗೆ ಪಕ್ಕದ ಹೋಟೇಲಿನವರು ಅನ್ನ, ಸಾಂಬಾರು ಕೊಟ್ಟು ಮಾನ ಉಳಿಸಿದರು. ಹೋಳಿಗೆಗೆ ಮಾತ್ರ ಏನೂ ಮಾಡಲಾಗಲಿಲ್ಲ.

ಹುಡುಗನಿಗೆ ಬೈದೆ. ಆದರೆ “ಹೋಗುವಾಗ ಎಲ್ಲ ಸ್ವಿಚ್ ಆರಿಸು” ಎಂದು ಕಲಿಸಿದವನು ನಾನೇ ಅಲ್ಲವೇ?

ಗೋಡೆಯಲ್ಲಿ ಕರೆಂಟು ನಿಂತ ಪ್ರಿಂಟರನ್ನು ಯಾವ ಸಂದೇಶವೂ ಎಬ್ಬಿಸಲಾರದು. ಕಂಪ್ಯೂಟರುಗಳಿಗೆ ‘ವೇಕ್ ಆನ್ ಲ್ಯಾನ್’ ಎಂಬ ವ್ಯವಸ್ಥೆ ಇದೆ. ಅದಕ್ಕೂ ಪ್ಲಗ್ಗಿನಿಂದ ಸ್ವಲ್ಪ ಕರೆಂಟು ಬರುತ್ತಿರಲೇಬೇಕು. ನೆಟ್‌ವರ್ಕ್ ಪ್ರಿಂಟರಿಗೆ ಅಷ್ಟು ರಗಳೆಯೂ ಬೇಡ. ‘ಸ್ಲೀಪ್’ನಲ್ಲಿ ಬಿಟ್ಟರೆ ಸಾಮಾನ್ಯವಾಗಿ ಕೆಲಸ ಬಂದ ಕೂಡಲೇ ತಾನೇ ಏಳುತ್ತದೆ. ರೌಟರ್ ಕೂಡ ಚಾಲೂ ಇರಬೇಕು, ಅಷ್ಟೆ.

ಬಿಲ್ಲಿನ ಚಿಂತೆಯೇ? ಮಲಗಿದ ಯಂತ್ರ 2 ವ್ಯಾಟ್ ತಿಂದರೂ, ರಾತ್ರಿ 12 ಗಂಟೆಯಂತೆ ವರ್ಷಕ್ಕೆ 9 ಯೂನಿಟ್ ಆಗುವುದಿಲ್ಲ. ಯೂನಿಟ್ಟಿಗೆ 15 ರೂಪಾಯಿ ಹಿಡಿದರೂ 135 ರೂಪಾಯಿಯೊಳಗೆ ಮುಗಿಯಿತು. ಇಂಕ್ ಪ್ರಿಂಟರನ್ನು ದಿನಾ ಆರಿಸಿ ಹಚ್ಚಿದರೆ ಪ್ರತಿ ಸಲ ತಲೆ ತೊಳೆದುಕೊಳ್ಳಲು ಅದು ಶಾಯಿ ಕುಡಿಯುವುದೂ ಉಂಟು.

ಶಾರ್ಟ್ ಸರ್ಕ್ಯೂಟಿನ ಭಯ ಸುಳ್ಳಲ್ಲ. ಗ್ರೈಂಡರ್, ಮಿಕ್ಸರ್, ಗೀಸರ್ ಎಲ್ಲ ಆರಲಿ, ಗ್ಯಾಸ್ ಬಂದಾಗಲಿ. ಪ್ರಿಂಟರ್, ರೌಟರುಗಳಿಗೆ ಆಫೀಸಿನಲ್ಲಿ ಎಂಸಿಬಿ ಇರುವ ಬೇರೆ ಬೋರ್ಡ್ ಹಾಕಿಸಿ ಎಂಬುದೇ ನನ್ನ ವಾದ.

ಮೊಬೈಲಿನಿಂದ ಹಚ್ಚುವ ಸ್ಮಾರ್ಟ್ ಪ್ಲಗ್ ಇದೆಯಲ್ಲ ಎನ್ನುವಿರಿ. ಪ್ರಿಂಟರಿನ ಸ್ವಿಚ್ ಒತ್ತಿದಲ್ಲೇ ನಿಲ್ಲುವ ಹಳೆಯ ಜಾತಿಯದಾದರೆ ಸರಿ. ಈಗಿನ ಎಷ್ಟೋ ಯಂತ್ರಗಳಲ್ಲಿ ಇರುವುದು ಒತ್ತಿ ಬಿಡುವ ಗುಂಡಿ. ಕರೆಂಟು ಬಂದರೂ ಯಾರಾದರೂ ಹೋಗಿ ಗುಂಡಿ ಒತ್ತುವ ತನಕ ಅವು ಏಳದಿರಬಹುದು. ಲೇಸರ್ ಪ್ರಿಂಟರ್ ಬಿಸಿಯಾಗುವಾಗ ಬಹಳ ಕರೆಂಟು ಎಳೆಯುತ್ತದೆ, ಅಗ್ಗದ ಪ್ಲಗ್ ತಾಳದು. ಕೊಳ್ಳುವ ಮೊದಲು ಆಂಪಿಯರ್ ನೋಡಿ.

ಇನ್ನೊಂದು ಅಪಾಯ. ದೂರದಿಂದ ಪ್ರಿಂಟ್ ಆಗಲೆಂದು ಕೆಲವು ಕಂಪ್ಯೂಟರ್ ರಿಪೇರಿಯವರು ಪ್ರಿಂಟರನ್ನೇ ನೇರವಾಗಿ ಇಂಟರ್‌ನೆಟ್ಟಿಗೆ ತೆರೆದಿಡುತ್ತಾರೆ. ಅದು ಗಲ್ಲಾ ಪೆಟ್ಟಿಗೆಯನ್ನು ಫುಟ್‌ಪಾತಿನಲ್ಲಿ ಇಟ್ಟಂತೆ. 2018ರಲ್ಲಿ ಒಬ್ಬ ಹ್ಯಾಕರ್ ಹೀಗೆ ತೆರೆದಿದ್ದ ಪ್ರಿಂಟರುಗಳಿಂದ ಒಬ್ಬ ಯೂಟ್ಯೂಬರನ ಪ್ರಚಾರ ಪತ್ರ ಹೊರಡಿಸಿದ. ಅಂಥ 50 ಸಾವಿರ ಪ್ರಿಂಟರುಗಳಿಗೆ ಕಳಿಸಿದೆನೆಂದು ಹೇಳಿಕೊಂಡ. ಆಫೀಸಿನ ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕಿ, ಅದರ ಮೂಲಕವೇ ಪ್ರಿಂಟ್ ಕೊಡಿ.

ಈಗ ನಮ್ಮ ಪ್ರಿಂಟರಿನ ಸ್ವಿಚ್ಚಿನ ಮೇಲೆ ಕೆಂಪು ಟೇಪು ಅಂಟಿಸಿದೆ. ಕನ್ನಡ, ಹಿಂದಿ ಎರಡರಲ್ಲೂ ‘ಆರಿಸಬಾರದು’ ಎಂದು ಬರೆಸಿದ್ದೇನೆ. ಆದರೂ ಎಲೆಯ ಲೆಕ್ಕ ಬದಲಾದ ರಾತ್ರಿ 4 ಗಂಟೆಗೆ ಅಲಾರಂ ಇಟ್ಟು ಏಳುತ್ತೇನೆ. “ಭಟ್ರೇ, ಕಾಗದ ಬಂತಾ? ಎಷ್ಟು ಎಲೆ ಅಂತ ಓದಿ ಹೇಳಿ” ಎಂದು ಕೇಳಿದ ಮೇಲೆಯೇ ಮತ್ತೆ ಮಲಗುವುದು.