ಹೊಳೆಗೆ ಟಿಎಂಸಿ, ನಮಗೆ ನೋಟೀಸು

ಕಾವೇರಿ ತಾಯಿ. ಆಯ್ತು, ಒಪ್ಪಿದ್ವಿ. ತುಲಾ ಸಂಕ್ರಮಣದ ದಿನ ತಲಕಾವೇರಿಯಲ್ಲಿ ತೀರ್ಥ ಉಕ್ಕುತ್ತದೆ. ಮಂತ್ರಿಗಳು ಬರುತ್ತಾರೆ, ಟಿವಿಯವರು ಬರುತ್ತಾರೆ, ಬಿಂದಿಗೆ ಹಿಡಿದವರು ನೂಕಾಡುತ್ತಾರೆ. ಅಲ್ಲಿಂದ ಹೊರಟ ಅದೇ ನೀರು ಭಾಗಮಂಡಲ ದಾಟಿ, ಬೇತ್ರಿ ದಾಟಿ, ಸಿದ್ದಾಪುರದ ಹತ್ತಿರದ ಗುಹ್ಯ, ಕರಡಿಗೋಡಿಗೆ ಬರುತ್ತದೆ. ಎದುರು ದಡದಲ್ಲಿ ನೆಲ್ಯಹುದಿಕೇರಿ, ಅದರ ಕುಂಬಾರಗುಂಡಿ, ಬೆಟ್ಟದಕಾಡು. ಇಲ್ಲಿ ತೀರ್ಥ ಉಕ್ಕುವುದಿಲ್ಲ. ಇಲ್ಲಿ ಹೊಳೆ ಉಕ್ಕುತ್ತದೆ. ಮೊದಲು ಒಲೆ ಆರುತ್ತದೆ, ಆಮೇಲೆ ಗೋಡೆ ಕರಗುತ್ತದೆ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಗೆ ಇಳಿದು ನೀರು ಮುಟ್ಟಿದರು. ನೀರು ಮುಟ್ಟುವುದೇ ಅಂದಿನ ಹೋರಾಟವಾಗಿತ್ತು. ನಮ್ಮ ಪಾಡು ಉಲ್ಟಾ. ಇಲ್ಲಿ ನೀರೇ ಬಂದು ನಮ್ಮನ್ನು ಮುಟ್ಟುತ್ತದೆ. ಮಡಿ ಮೈಲಿಗೆ ಒಂದೂ ನೋಡುವುದಿಲ್ಲ. ನಡುರಾತ್ರಿ ಬಂದು ಚಾಪೆ ಎಳೆಯುತ್ತದೆ. ನಮಗೆ ಮುಟ್ಟಲು ಬಿಡದೇ ಇರುವುದು ನೀರಲ್ಲ ಸ್ವಾಮಿ, ನೆಲ.

ಇದನ್ನು ಬರೆಯುತ್ತಿರುವ ನಾವು ಲೈನ್ ಮನೆಗಳ ಮಕ್ಕಳು, ಹೊಳೆ ದಂಡೆಯ ಮಕ್ಕಳು. ಡಿಗ್ರಿ ಅಂತ ಒಂದು ಕಾಗದ ನಮ್ಮ ವಂಶದಲ್ಲಿ ಮೊದಲ ಬಾರಿಗೆ ಬಂದದ್ದು ನಮ್ಮ ಕೈಗೆ. ಕವಿತೆ ಬರೆಯುತ್ತೇವೆ ಅಂತ ಊರಲ್ಲಿ ಹೇಳಲು ಸಂಕೋಚ. ಯಾಕೆಂದರೆ ತೋಟದಲ್ಲಿ ‘ರೈಟರ್’ ಅಂದರೆ ಹಾಜರಿ ಪುಸ್ತಕ ಹಿಡಿದು ನಮ್ಮವ್ವಂದಿರ ದಿನಗೂಲಿ ಗೀಚುವವನು. ಅವನು ಬರೆದದ್ದೇ ಬರಹ. ಅವನು ಅರ್ಧ ಹಾಜರಿ ಅಂದರೆ ಅರ್ಧ ಹಾಜರಿ.

ಕಾಲೇಜಿಗೆ ಸೇರುವಾಗ ಅರ್ಜಿಯಲ್ಲಿ ‘ಕಾಯಂ ವಿಳಾಸ’ ಅಂತ ಒಂದು ಕಲಮು ಇತ್ತು. ಏನು ಬರೆಯೋದು? ಲೈನ್ ಮನೆ ತೋಟದ್ದು. ಅಪ್ಪನ ಕೈಕಾಲು ನಡೆಯುವ ತನಕ ಮನೆ. ಕೆಲಸ ಬಿಟ್ಟ ದಿನ ಮನೆಯೂ ಬಿಡಬೇಕು. 1951ರ ಪ್ಲಾಂಟೇಶನ್ ಲೇಬರ್ ಕಾಯ್ದೆ ಮಾಲೀಕರು ಕೂಲಿಯವರಿಗೆ ಮನೆ ಕೊಡಬೇಕು ಅಂದಿತು. ಒಳ್ಳೆಯ ಮಾತೇ. ಆದರೆ ಆ ಮನೆ ಕೂಲಿಯ ಬಾಲಕ್ಕೆ ಕಟ್ಟಿದ ಮನೆ. ಬೆನ್ನು ಬಾಗಿದ ಮುದುಕ ಮುದುಕಿ ಎಲ್ಲಿಗೆ ಹೋಗಬೇಕು ಅಂತ ಅದು ಹೇಳಲಿಲ್ಲ. ಅವರು ಹೋದದ್ದು ಹೊಳೆ ದಂಡೆಗೆ. ಅಲ್ಲಿ ಬೇಲಿ ಇರಲಿಲ್ಲ. ಗೇಟು ಇರಲಿಲ್ಲ. ಪ್ರವಾಹ ಬರುವ ಜಾಗಕ್ಕೆ ಬೇಲಿ ಹಾಕುವಷ್ಟು ದಡ್ಡ ಉಳ್ಳವರಲ್ಲಿ ಯಾರಿದ್ದಾರೆ?

ಹಾಗಾಗಿ ಕರಡಿಗೋಡಿನ ದಂಡೆಯಲ್ಲಿ ಇರುವವರು ಇಂಥದೇ ಜಾತಿ ಅಂತ ಇಲ್ಲ. ಆದಿವಾಸಿಗಳಿದ್ದಾರೆ, ದಲಿತರಿದ್ದಾರೆ, ಕೇರಳದಿಂದ ಕೂಲಿಗೆ ಬಂದ ಮುಸ್ಲಿಮರಿದ್ದಾರೆ, ತಮಿಳರಿದ್ದಾರೆ. ಅವರೆಲ್ಲರಿಗೂ ಇರುವ ಒಂದೇ ಗೋತ್ರ ಅಂದರೆ ಪಹಣಿ ಇಲ್ಲದಿರುವುದು.

ಪ್ರತಿ ವರ್ಷ ಜೂನ್ ಹತ್ತಿರ ಬಂದರೆ ಕಂದಾಯ ಇಲಾಖೆಯವರು ನೋಟೀಸು ತರುತ್ತಾರೆ. ‘ಸುರಕ್ಷಿತ ಸ್ಥಳಕ್ಕೆ ತೆರಳತಕ್ಕದ್ದು.’ ಸುರಕ್ಷಿತ ಸ್ಥಳ ಎಲ್ಲಿದೆ ಅಂತ ಮಾತ್ರ ನೋಟೀಸಿನಲ್ಲಿ ಬರೆದಿರುವುದಿಲ್ಲ. ದಂಡೆಯಿಂದ ಮೇಲೆ ಹತ್ತಿದರೆ ತೋಟದ ಬೇಲಿ. ಅದನ್ನು ದಾಟಿದರೆ ಇನ್ನೊಂದು ತೋಟದ ಬೇಲಿ. ಅದನ್ನೂ ದಾಟಿದರೆ ಮೀಸಲು ಅರಣ್ಯದ ಕಲ್ಲು. ಮುಂಗಾರು ಬರುವುದು ಹವಾಮಾನ ಇಲಾಖೆ ಹೇಳಿ ನಮಗೆ ಗೊತ್ತಾಗುವುದಿಲ್ಲ, ನೋಟೀಸು ಬಂದರೆ ಗೊತ್ತಾಗುತ್ತದೆ.

2018ರ ಆಗಸ್ಟಿನಲ್ಲಿ ಬೆಟ್ಟ ಕುಸಿಯಿತು. ಮಕ್ಕಂದೂರು, ಮದೆನಾಡು, ಜೋಡುಪಾಲದ ಹೆಸರನ್ನು ಇಡೀ ದೇಶ ಕಲಿಯಿತು. ಮರುವರ್ಷ 2019ರ ಆಗಸ್ಟಿನಲ್ಲಿ ಹೊಳೆ ತುಂಬಿ ಕರಡಿಗೋಡು, ಗುಹ್ಯ, ಕುಂಬಾರಗುಂಡಿ, ಬೆಟ್ಟದಕಾಡಿನ ಮನೆಗಳು ಮುಳುಗಿದವು, ಬಿದ್ದವು. ಜನ ಶಾಲೆಯ ಕೋಣೆಗಳಲ್ಲಿ ಮಲಗಿದರು. ಬಕೆಟು ಬಂತು, ಚಾಪೆ ಬಂತು, ಬಿಸ್ಕತ್ತು ಬಂತು. ಕೊಟ್ಟವರ ಕೈಗೆ ನಮಸ್ಕಾರ. ಆದರೆ ಪರಿಹಾರದ ಲೆಕ್ಕ ಶುರುವಾದಾಗ ಮೊದಲ ಪ್ರಶ್ನೆ ಏನು? ‘ಹಕ್ಕುಪತ್ರ ಇದೆಯಾ?’ ಮನೆ ಹೊಳೆಯಲ್ಲಿ ಹೋಗಿದೆ, ಮನೆಯ ಕಾಗದ ತೋರಿಸು ಅನ್ನುತ್ತಾರೆ. ಕಾಗದ ಇದ್ದಿದ್ದರೆ ಹೊಳೆ ದಂಡೆಗೆ ಯಾಕೆ ಬರ್ತಿದ್ವಿ?

ಇದನ್ನು ಪ್ರಕೃತಿ ವಿಕೋಪ ಅಂತ ಕರೆಯುತ್ತಾರೆ. ಪ್ರಕೃತಿಯ ತಲೆಗೆ ಎಷ್ಟು ಪಾಪ ಕಟ್ಟುತ್ತೀರಿ? ಮಳೆ ಎಲ್ಲರ ಮೇಲೂ ಬೀಳುತ್ತದೆ. ಮುಳುಗುವವರು ಮಾತ್ರ ಯಾವಾಗಲೂ ಅವರೇ. ಯಾರು ಎಷ್ಟು ಎತ್ತರದಲ್ಲಿ ಮಲಗಬೇಕು ಅನ್ನುವುದನ್ನು ಮೋಡ ತೀರ್ಮಾನ ಮಾಡಿಲ್ಲ, ಸರ್ವೆ ನಂಬರು ತೀರ್ಮಾನ ಮಾಡಿದೆ.

ಕೊಡಗಿನ ನೆಲದ ಹೆಸರುಗಳನ್ನು ಒಮ್ಮೆ ಕೇಳಿ: ಜಮ್ಮಾ, ಬಾಣೆ, ಸಾಗು, ಉಂಬಳಿ, ಊರುಡುವೆ, ದೇವರಕಾಡು, ಪೈಸಾರಿ. ಹುಲ್ಲಿಗೊಂದು, ಸೌದೆಗೊಂದು, ದೇವರಿಗೊಂದು ಹೆಸರಿದೆ. ಆ ನೆಲದಲ್ಲಿ ದುಡಿದವನಿಗೆ ಒಂದು ಹೆಸರು ಇಟ್ಟರು ನೋಡಿ: ಎರವ. ಎರವಲು ಅನ್ನುವ ಮಾತಿನಿಂದ ಬಂದದ್ದು ಅಂತ ಹೇಳುತ್ತಾರೆ. ಕೇಳಿದವರಿಗೆ ಎರವಲು ಕೊಡುವ ಮನುಷ್ಯ. ಅವರು ತಮ್ಮನ್ನು ರಾವುಲ ಅಂದುಕೊಳ್ಳುತ್ತಾರೆ. ಆ ಹೆಸರು ಯಾರ ದಫ್ತರಕ್ಕೂ ಬೇಕಾಗಲಿಲ್ಲ. ರಾಜರ ಕಾಲದಲ್ಲಿ ಹೊಲೆಯರು, ಎರವರು ಜೀತದಾಳುಗಳು. ನೆಲದ ಜೊತೆ ಅವರೂ ಕೈ ಬದಲಾಗುತ್ತಿದ್ದರು. 1834ರಲ್ಲಿ ಬ್ರಿಟಿಷರು ಬಂದರು. 1843ರಲ್ಲಿ ಗುಲಾಮಗಿರಿಯ ಕಾಯ್ದೆ ಬಂತು, ಗುಲಾಮರ ಮೇಲಿನ ಹಕ್ಕನ್ನು ಕೋರ್ಟು ಒಪ್ಪುವುದಿಲ್ಲ ಅಂದಿತು. ಆಮೇಲೆ ಹತ್ತೇ ವರ್ಷ, ಕಾಫಿ ತೋಟಗಳು ಬಂದವು. ಬಿಡುಗಡೆಯಾದ ಮನುಷ್ಯನ ಕೈಗೆ ಒಂದು ತುಂಡು ನೆಲ ಕೊಟ್ಟರೇನು? ಇಲ್ಲ. ಕಾಡನ್ನು ಬಿಳಿಯ ಪ್ಲಾಂಟರಿಗೆ ಕೊಟ್ಟರು, ಆ ಮನುಷ್ಯನನ್ನು ಅದೇ ತೋಟಕ್ಕೆ ಮುಂಗಡ ಕೊಟ್ಟು ಕರೆದರು. ಎರವಲು ಹೋಯ್ತು, ಅಡ್ವಾನ್ಸು ಬಂತು.

1974ರಲ್ಲಿ ದೇವರಾಜ ಅರಸರ ಭೂಸುಧಾರಣೆ. ಉಳುವವನೇ ಹೊಲದೊಡೆಯ. ಕರ್ನಾಟಕದ ಎಷ್ಟೋ ಊರುಗಳಲ್ಲಿ ಗೇಣಿದಾರರು ಒಡೆಯರಾದರು, ಸುಳ್ಳಲ್ಲ. ಕಾಫಿ, ಏಲಕ್ಕಿ, ಮೆಣಸು, ಟೀ, ರಬ್ಬರ್ ತೋಟಗಳನ್ನು ಮಾತ್ರ ಕಾಯ್ದೆಯ 104ನೇ ಕಲಮು ಹೊರಗಿಟ್ಟಿತು. ಕೊಡಗಿನಲ್ಲಿ ಕಾಫಿ ಬಿಟ್ಟು ಮತ್ತೇನಿದೆ? ಬಾಗಿಲು ತೆರೆದು, ಹೊಸಲಿನ ಮೇಲೆ ಗೋಡೆ ಕಟ್ಟಿದ ಹಾಗಾಯಿತು. ಕಾಫಿ ಗಿಡಕ್ಕೆ ಉಳುಮೆ ಇಲ್ಲವಂತೆ, ಅದಕ್ಕೆ ಉಳುವವನೂ ಇಲ್ಲವಂತೆ!

ಈಗ ದಿಡ್ಡಳ್ಳಿಗೆ ಬನ್ನಿ. ಸಿದ್ದಾಪುರದಿಂದ ದೂರವಿಲ್ಲ, ಮಾಲ್ದಾರೆ ಪಂಚಾಯ್ತಿ. ಲೈನ್ ಮನೆಗಳ ಜೀತ ಸಾಕಾಗಿ ಹೊರಬಂದ ಎರವರು, ಜೇನುಕುರುಬರು ಅಲ್ಲಿ ಗುಡಿಸಲು ಹಾಕಿದ್ದರು. 2016ರ ಡಿಸೆಂಬರ್ 7ರಂದು ಅರಣ್ಯ ಇಲಾಖೆ ಯಂತ್ರಗಳನ್ನು ತಂದು 577 ಕುಟುಂಬಗಳ ಗುಡಿಸಲು ಕಿತ್ತುಹಾಕಿತು. ಹಿಂದಿನ ದಿನ ಬಾಬಾಸಾಹೇಬರ ಪರಿನಿರ್ವಾಣದ ದಿನ, ಊರೂರಲ್ಲಿ ಹಾರ ಹಾಕಿ ಭಾಷಣ ಮುಗಿಸಿದ್ದರು. ಹಾರ ಬಾಡುವ ಮೊದಲೇ ಬುಲ್ಡೋಜರು. ಅರಣ್ಯ ಹಕ್ಕು ಕಾಯ್ದೆ 2006ರಲ್ಲೇ ಬಂದಿತ್ತು. ಹಕ್ಕಿನ ಅರ್ಜಿಗಳ ಪರಿಶೀಲನೆ ಮುಗಿಯದೆ ಕಾಡಿನ ನಿವಾಸಿಗಳನ್ನು ಎಬ್ಬಿಸಬಾರದು ಅಂತ ಅದರಲ್ಲಿ ಬರೆದಿದೆ. ಬರೆದದ್ದನ್ನು ಯಂತ್ರ ಓದುವುದಿಲ್ಲ. ಒಬ್ಬ ಹೆಣ್ಣುಮಗಳು ಮರ ಹತ್ತಿ ನಿಂತು ಪ್ರತಿಭಟಿಸಿದಳು. ಜನ ಚಳಿಯಲ್ಲಿ ಮರಗಳ ಕೆಳಗೇ ಕೂತರು, ಏಳಲಿಲ್ಲ. ಕೊನೆಗೆ ಕುಶಾಲನಗರದ ಕಡೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಕೊಟ್ಟರು. ಹೋರಾಡಿದ್ದಕ್ಕೆ ಸಿಕ್ಕಿತು. ಬೇಡಿದ್ದಕ್ಕೆ ಸಿಕ್ಕಿದ್ದಲ್ಲ.

ಅದೇ ಸರಕಾರಿ ನೆಲದ ಇನ್ನೊಂದು ಕತೆ. ಪ್ಲಾಂಟರುಗಳು ತಮ್ಮ ತೋಟದ ಪಕ್ಕದ ಸರಕಾರಿ ಜಾಗವನ್ನು ಒಳಗೆ ಹಾಕಿಕೊಂಡು ಕಾಫಿ ಬೆಳೆದರು. ಅದೂ ಒತ್ತುವರಿಯೇ. ಅಲ್ಲಿಗೆ ಯಂತ್ರ ಹೋಗಲಿಲ್ಲ. 2022ರಲ್ಲಿ ವಿಧಾನಮಂಡಲವೇ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತಂದು, ಹೀಗೆ ಒತ್ತಿಕೊಂಡ ಜಾಗವನ್ನು 25 ಎಕರೆಯವರೆಗೆ, 30 ವರ್ಷದವರೆಗೆ, ಒತ್ತಿಕೊಂಡವರಿಗೇ ಗುತ್ತಿಗೆ ಕೊಡಲು ದಾರಿ ಮಾಡಿತು.

ಸ್ವಲ್ಪ ಲೆಕ್ಕ ಮಾಡೋಣ. ಮೇಷ್ಟ್ರುಗಳು ಬೇಕಾದರೆ ಐದನೇ ಕ್ಲಾಸಿನ ಮಕ್ಕಳಿಗೆ ಇದೇ ಲೆಕ್ಕ ಕೊಡಿ. 1 ಎಕರೆಗೆ 100 ಸೆಂಟು. ಮನೆ ಕಟ್ಟಲು ಒಂದು ಕುಟುಂಬಕ್ಕೆ 3 ಸೆಂಟು. ದಿಡ್ಡಳ್ಳಿಯ 577 ಕುಟುಂಬಕ್ಕೆ ಎಷ್ಟು? 1731 ಸೆಂಟು. ಅಂದರೆ 17 ಎಕರೆ 31 ಸೆಂಟು. ಒಬ್ಬ ಒತ್ತುವರಿದಾರನಿಗೆ ಕೊಡಬಹುದಾದ 25 ಎಕರೆಯಲ್ಲಿ ದಿಡ್ಡಳ್ಳಿ ಪೂರಾ ಕೂರಿಸಿ ಇನ್ನೂ ಏಳೂವರೆ ಎಕರೆ ಮಿಗುತ್ತದೆ. ಅದರಲ್ಲಿ ರಸ್ತೆ ಮಾಡಿ, ಅಂಗನವಾಡಿ ಕಟ್ಟಿ, ಮಸಣಕ್ಕೂ ಜಾಗ ಬಿಡಬಹುದು. ಮೂರು ಸೆಂಟು ಕೇಳಿದವನು ಅತಿಕ್ರಮಣಕಾರ. ಇಪ್ಪತ್ತೈದು ಎಕರೆ ನುಂಗಿದವನು ಕೃಷಿಕ. ಇದು ಯಾವ ವ್ಯಾಕರಣ?

‘ಕೊಡಗಿನಲ್ಲಿ ಜಾಗ ಎಲ್ಲಿದೆ?’ ಅಂತ ಅಧಿಕಾರಿಗಳು ಕೇಳುತ್ತಾರೆ. 2019ರ ಪ್ರವಾಹ ಆದ ಮೇಲೆ ಅಭ್ಯತ್‌ಮಂಗಲದಲ್ಲಿ ಜಾಗ ಸಿಕ್ಕಿತಲ್ಲ, ಎಲ್ಲಿಂದ ಬಂತು? ಒತ್ತುವರಿಯಾಗಿದ್ದ ಸರಕಾರಿ ಜಾಗವನ್ನು ಬಿಡಿಸಿದರು, ಸಂತ್ರಸ್ತರಿಗೆ ಅಂತ ಗುರುತಿಸಿದರು. ಮನಸ್ಸು ಮಾಡಿದರೆ ಪೈಸಾರಿ ಕಾಣುತ್ತದೆ. ಮನಸ್ಸಿಲ್ಲದಿದ್ದರೆ ಸರ್ವೆಯರನ ಸರಪಳಿ ಕಾಫಿ ಗಿಡಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ.

ನಮ್ಮ ಜಗಳ ಯಾವ ಜನಾಂಗದ ಮೇಲೂ ಅಲ್ಲ. ಎ.ಕೆ. ಸುಬ್ಬಯ್ಯನವರು ಕೊಡವರೇ, ದಿಡ್ಡಳ್ಳಿಯವರ ಪರವಾಗಿ ನಿಂತರು. ಎರಡು ಎಕರೆಯ ಸಣ್ಣ ಹಿಡುವಳಿದಾರ ಸಾಲದಲ್ಲಿ ಒದ್ದಾಡುವುದೂ ನಮಗೆ ಗೊತ್ತು. ಆದರೂ ಒಂದು ಮಾತು. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿತು. ಇಟ್ಟುಕೊಳ್ಳಲಿ, ನಮಗೆ ಕೋವಿ ಬೇಡ. ನೂರೈವತ್ತು ವರ್ಷಕ್ಕೂ ಹಿಂದಿನ ಪರಂಪರೆ ಅಂತ ಕೋವಿಯನ್ನು ಗೌರವಿಸುವ ಸರಕಾರಕ್ಕೆ, ಅಷ್ಟೇ ವರ್ಷ ತೋಟ ಕಾಯ್ದ ಜನರ ಗುಡಿಸಲು ಯಾಕೆ ಪರಂಪರೆಯಾಗಿ ಕಾಣುವುದಿಲ್ಲ?

ಓಡಾಟದ ಮಾತು. ಜಿಲ್ಲೆಗೆ ರೈಲಿಲ್ಲ. ಅದರ ಗೊಡವೆ ನಮಗೂ ಇಲ್ಲ. ಲೈನಿನಿಂದ ಟಾರು ರಸ್ತೆಗೆ ಬರುವ ದಾರಿ ತೋಟದ ದಾರಿ. ಗೇಟಿಗೆ ಬೀಗ ಬಿದ್ದರೆ ಗರ್ಭಿಣಿಯೂ ಸುತ್ತಿ ಬರಬೇಕು, ಹೆಣವೂ ಸುತ್ತಿ ಹೋಗಬೇಕು. ಬೆಳಿಗ್ಗೆ ಮಂಜಿನಲ್ಲಿ ಕೆಲಸಕ್ಕೆ ಹೊರಟವರಿಗೆ ತಿರುವಿನಲ್ಲಿ ಆನೆ ಎದುರಾಗುತ್ತದೆ. ಮಾಲೀಕರು ಜೀಪಿನಲ್ಲಿ ಬರುತ್ತಾರೆ, ಆನೆಗೆ ಸಿಗುವುದು ಕಾಲ್ನಡಿಗೆಯವರು. 2023ರ ಜೂನಿನಿಂದ ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆ ಆಯಿತು. ನಮ್ಮವ್ವಂದಿರು ಖುಷಿಯಿಂದ ಹತ್ತಿದರು, ನಾವೂ ಅದನ್ನು ಹೊಗಳುತ್ತೇವೆ. ಆದರೆ ಪಿಕಪ್ಪಿನ ಹಿಂದೆ ಕುರಿಗಳ ಹಾಗೆ ನಿಂತು ತೋಟದಿಂದ ತೋಟಕ್ಕೆ ಹೋಗುವವರ ರಸ್ತೆಗೆ ಆ ಬಸ್ಸು ಬರುವುದಿಲ್ಲ.

ದೋಣಿ ಮಾತ್ರ ಇದೆ. ದುಬಾರೆಗೆ ಹೋಗಿ ನೋಡಿ. ಆಚೆ ದಡದ ಆನೆ ಕ್ಯಾಂಪಿಗೆ ಪ್ರವಾಸಿಗಳನ್ನು ದಾಟಿಸಲು ದೋಣಿ, ನೀರಾಟಕ್ಕೆ ರ‍್ಯಾಫ್ಟು, ಮೈಗೆ ಕಿತ್ತಳೆ ಬಣ್ಣದ ಜಾಕೆಟ್ಟು. ಅದೇ ಹೊಳೆಯಲ್ಲಿ ನಮಗೆ ದೋಣಿ ಬರುವುದು ಮನೆ ಮುಳುಗಿದ ಮೇಲೆ. ಬೆಂಗಳೂರಿನವರು ‘ರಿವರ್ ವ್ಯೂ’ ಅಂತ ಒಂದು ರಾತ್ರಿಗೆ ಸಾವಿರಗಟ್ಟಲೆ ಕೊಟ್ಟು ಮಲಗುವ ದಂಡೆ ಅದು. ನಾವು ಮಲಗಿದರೆ ನದಿ ಒತ್ತುವರಿ, ರೆಸಾರ್ಟು ಮಲಗಿದರೆ ಪ್ರವಾಸೋದ್ಯಮ.

2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಕಾವೇರಿಯ ಪಾಲು ಹಂಚುವಾಗ ಬೆಂಗಳೂರಿಗೆಂದೇ 4.75 ಟಿಎಂಸಿ ಹೆಚ್ಚು ಕೊಟ್ಟಿತು. ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ. ಬೆಂಗಳೂರಿನ ಬಡವರೂ ಅದನ್ನೇ ಕುಡಿಯುತ್ತಾರೆ, ಕುಡಿಯಲಿ. ನೂರಾರು ಮೈಲಿ ಆಚೆಯ ನಲ್ಲಿಗೆ ಈ ಹೊಳೆಯಲ್ಲಿ ಹಕ್ಕಿದೆ, ಕೋರ್ಟಿನ ಮುದ್ರೆ ಇದೆ. ಹೊಳೆಯ ಪಕ್ಕ ಹುಟ್ಟಿದವನಿಗೆ ಹೊಳೆಯಿಂದ ಹತ್ತಡಿ ಮೇಲೆ ಮಲಗುವ ಹಕ್ಕಿಲ್ಲ. ಘನ ಅಡಿಗೆ ವಕೀಲರಿದ್ದಾರೆ. ಚದರಡಿಗೆ ಯಾರೂ ಇಲ್ಲ.

ಮೇ ತಿಂಗಳಲ್ಲಿ ದೇವರಪುರದಲ್ಲಿ ಕುಂಡೆ ಹಬ್ಬ ಆಗುತ್ತದೆ. ಜೇನುಕುರುಬರು, ಎರವರು ವೇಷ ಹಾಕಿ ಮನೆಮನೆ ಮುಂದೆ, ಅಂಗಡಿ ಮುಂದೆ ಬೈಯುತ್ತಾ ಕುಣಿಯುತ್ತಾರೆ. ತಮ್ಮನ್ನು ಕಾಡಿನಲ್ಲಿ ಕೈಬಿಟ್ಟು ಹೋದ ದೇವರನ್ನೂ ಬೈಯುತ್ತಾರೆ. ಅವತ್ತು ಮಾಲೀಕರು ನಗುತ್ತಾ ಚಿಲ್ಲರೆ ಕೊಡುತ್ತಾರೆ. ಫೋಟೋ ತೆಗೆಯಲು ಜನ ಬರುತ್ತಾರೆ. ಅದೇ ಮಾತನ್ನು ಮಾರನೆಯ ದಿನ ತಾಲೂಕು ಕಚೇರಿಯ ಮುಂದೆ ಆಡಿದರೆ ಕೇಸು. ವರ್ಷಕ್ಕೊಂದು ದಿನ ಬೈಯಲು ಬಿಟ್ಟು ಉಳಿದ ದಿನ ಬಾಯಿಗೆ ಬೀಗ ಹಾಕುವ ಜಾಣತನ ಈ ವ್ಯವಸ್ಥೆಗೆ ಚೆನ್ನಾಗಿ ಗೊತ್ತು. ನಮ್ಮ ಹಿರಿಯರ ಬೈಗುಳವನ್ನು ಜಾನಪದ ಅಂತ ಕಪಾಟಿನಲ್ಲಿಟ್ಟು ಪಿಎಚ್‌ಡಿ ಮಾಡುವವರಿಗೂ ಇದೇ ಮಾತು. ಅದು ಅರ್ಜಿ ಕಣ್ರೀ. ಇಷ್ಟು ವರ್ಷದಿಂದ ವಿಲೇವಾರಿಯಾಗದೆ ಬಿದ್ದಿರುವ ಅರ್ಜಿ.

ಕೆಲಸದ ಮಾತಿಗೆ ಬರೋಣ. ಗಂಜಿ ಕೇಂದ್ರ ನಮಗೆ ಸಾಕಾಗಿದೆ. ದಂಡೆಯಲ್ಲಿರುವ ಪ್ರತಿ ಮನೆಗೆ ಮುಳುಗದ ಕಡೆ ನೆಲ ಬೇಕು, ಆ ನೆಲ ಕೂಲಿಗೆ ಹೋಗಿ ಬರುವಷ್ಟು ಹತ್ತಿರ ಇರಬೇಕು, ಹಕ್ಕುಪತ್ರ ಹೆಣ್ಣುಮಗಳ ಹೆಸರಲ್ಲೂ ಇರಬೇಕು. ಲೈನಿನಿಂದ ರಸ್ತೆಗೆ ಹೋಗುವ ದಾರಿ ಊರಿನ ದಾರಿ ಅಂತ ನಕಾಶೆಯಲ್ಲಿ ಬರಬೇಕು. ಹಳ್ಳಿಯ ಮೇಷ್ಟ್ರುಗಳೇ, ನೀವು ಮಕ್ಕಳ ಹಾಜರಿ ಪುಸ್ತಕದಲ್ಲಿ ವಿಳಾಸ ಬರೆಯುವಾಗ ತೋಟದ ಮಾಲೀಕನ ಹೆಸರು ಬರೆಯಬೇಡಿ, ಹಾಡಿಯ ಹೆಸರು ಬರೆಯಿರಿ. ಅದೂ ನಾಳೆ ಒಂದು ದಾಖಲೆ. ವಿದ್ಯಾರ್ಥಿ ಗೆಳೆಯರೇ, ನಿಮ್ಮ ತಾಲೂಕಿನಲ್ಲಿ ಒತ್ತುವರಿ ಜಾಗವನ್ನು ಗುತ್ತಿಗೆಗೆ ಕೇಳಿದವರು ಯಾರ್ಯಾರು, ಎಷ್ಟೆಷ್ಟು ಎಕರೆ, ಯಾವ ಸರ್ವೆ ನಂಬರು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಅರ್ಜಿಗೆ 10 ರೂಪಾಯಿ. ಬಿಪಿಎಲ್ ಕಾರ್ಡಿದ್ದವರಿಗೆ ಅದೂ ಇಲ್ಲ. ಪಟ್ಟಿ ಕೈಗೆ ಬಂದ ಮೇಲೆ ಗ್ರಾಮಸಭೆಗೆ ತೆಗೆದುಕೊಂಡು ಬನ್ನಿ, ಮಳೆ ಶುರುವಾಗುವುದಕ್ಕೆ ಮೊದಲೇ ಬನ್ನಿ. ಎದ್ದು ನಿಂತು ಗಟ್ಟಿಯಾಗಿ ಓದೋಣ. ಓದಲು ಬರುವವರು ಈಗ ನಮ್ಮ ಮನೆಗಳಲ್ಲೂ ಇದ್ದಾರೆ.